ಕನ್ನಡ ಚಲನಚಿತ್ರಗಳ ಮೆಟಾಡೇಟಾ ಆಮದು

ಮೆಟಾಡೇಟಾ ಆಮದು ಎಂದರೆ ಮನೆಯ ಗಣಕದಲ್ಲಿ ಅಥವಾ ಸರ್ವರ್‌ನಲ್ಲಿ ಸಂಗ್ರಹಿಸಿಟ್ಟ ಚಲನಚಿತ್ರ ಕಡತಗಳಿಗೆ ಶೀರ್ಷಿಕೆ, ಬಿಡುಗಡೆಯ ವರ್ಷ, ನಿರ್ದೇಶಕ, ಕಲಾವಿದರ ಪಟ್ಟಿ, ಕಥಾಸಾರ, ಭಿತ್ತಿಚಿತ್ರ ಮೊದಲಾದ ವಿವರಗಳನ್ನು ಅಂತರಜಾಲದ ದತ್ತಸಂಚಯಗಳಿಂದ ತಂದು ಜೋಡಿಸುವ ಪ್ರಕ್ರಿಯೆ. ಕೋಡಿ, ಪ್ಲೆಕ್ಸ್, ಎಂಬಿ ಮತ್ತು ಜೆಲ್ಲಿಫಿನ್‌ನಂತಹ ಮಾಧ್ಯಮ ಕೇಂದ್ರ ತಂತ್ರಾಂಶಗಳು ಈ ಕೆಲಸವನ್ನು ಸ್ವಯಂಚಾಲಿತವಾಗಿ ಮಾಡುತ್ತವೆ. ಕನ್ನಡ ಚಲನಚಿತ್ರಗಳ ವಿಷಯದಲ್ಲಿ ಈ ಪ್ರಕ್ರಿಯೆ ಹಲವು ಬಾರಿ ವಿಫಲವಾಗುತ್ತದೆ ಅಥವಾ ತಪ್ಪು ಚಿತ್ರದ ವಿವರಗಳನ್ನು ಜೋಡಿಸುತ್ತದೆ. ಒಂದೇ ಶೀರ್ಷಿಕೆಯ ಹಲವು ಚಿತ್ರಗಳಿರುವುದು, ಕನ್ನಡ ಹೆಸರುಗಳ ರೋಮನ್ ಲಿಪ್ಯಂತರದಲ್ಲಿ ಏಕರೂಪತೆ ಇಲ್ಲದಿರುವುದು ಮತ್ತು ಹಳೆಯ ಚಿತ್ರಗಳ ದಾಖಲೆಗಳು ಅಪೂರ್ಣವಾಗಿರುವುದು ಇದಕ್ಕೆ ಮುಖ್ಯ ಕಾರಣಗಳು. ಶೀರ್ಷಿಕೆಯೊಂದೇ ಚಿತ್ರವನ್ನು ಗುರುತಿಸಲು ಸಾಲದು. ಶೀರ್ಷಿಕೆಯ ಜೊತೆಗೆ ವರ್ಷ ಅಥವಾ ದತ್ತಸಂಚಯದ ಗುರುತುಸಂಖ್ಯೆ ಇದ್ದಾಗ ಮಾತ್ರ ಆಮದು ವಿಶ್ವಾಸಾರ್ಹವಾಗುತ್ತದೆ.

## ಹಿನ್ನೆಲೆ

ಮನೆಬಳಕೆಯ ಮಾಧ್ಯಮ ಕೇಂದ್ರ ತಂತ್ರಾಂಶಗಳಲ್ಲಿ ಹಳೆಯದಾದ ಕೋಡಿಯ ಮೂಲವು 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ರೂಪುಗೊಂಡ ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್‌ನಲ್ಲಿದೆ. ಅದು ಮುಂದೆ ಎಕ್ಸ್‌ಬಿಎಂಸಿ ಎಂದು ಹೆಸರಾಗಿ, 2014ರಲ್ಲಿ ಕೋಡಿ ಎಂಬ ಹೆಸರನ್ನು ಪಡೆಯಿತು. ಎಕ್ಸ್‌ಬಿಎಂಸಿಯನ್ನು ಮ್ಯಾಕ್ ಗಣಕಗಳಿಗೆ ಅಳವಡಿಸುವ ಪ್ರಯತ್ನದಿಂದ ಪ್ಲೆಕ್ಸ್ ಹುಟ್ಟಿತು. ಎಂಬಿ ತಂತ್ರಾಂಶದ ಮೂಲಸಂಕೇತ ಮುಕ್ತವಾಗಿ ದೊರೆಯುವುದು ನಿಂತಾಗ, 2018ರ ಡಿಸೆಂಬರ್‌ನಲ್ಲಿ ಅದರಿಂದ ಕವಲೊಡೆದ ಮುಕ್ತ ತಂತ್ರಾಂಶವೇ ಜೆಲ್ಲಿಫಿನ್.

ಈ ತಂತ್ರಾಂಶಗಳು ಚಿತ್ರದ ವಿವರಗಳಿಗಾಗಿ ಹೊರಗಿನ ದತ್ತಸಂಚಯಗಳನ್ನು ಅವಲಂಬಿಸುತ್ತವೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಳಕೆದಾರರೇ ಬರೆದು ತಿದ್ದುವ ದಿ ಮೂವಿ ಡೇಟಾಬೇಸ್, ಸಂಕ್ಷಿಪ್ತವಾಗಿ ಟಿಎಂಡಿಬಿ. ಇದು 2008ರಲ್ಲಿ ಆರಂಭವಾಯಿತು. 1990ರಲ್ಲಿ ಆರಂಭವಾದ ಐಎಂಡಿಬಿಯ ಗುರುತುಸಂಖ್ಯೆಗಳೂ ವ್ಯಾಪಕ ಬಳಕೆಯಲ್ಲಿವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಅಂದಿನಿಂದ ಇಂದಿನವರೆಗಿನ ಚಿತ್ರಗಳ ವಿವರಗಳು ಈ ದತ್ತಸಂಚಯಗಳಲ್ಲಿ ಸಮಾನ ಪ್ರಮಾಣದಲ್ಲಿಲ್ಲ. ಇತ್ತೀಚಿನ ಜನಪ್ರಿಯ ಚಿತ್ರಗಳ ದಾಖಲೆಗಳು ವಿಸ್ತಾರವಾಗಿದ್ದರೆ, ಹಳೆಯ ಚಿತ್ರಗಳ ದಾಖಲೆಗಳಲ್ಲಿ ಕಥಾಸಾರ, ಭಿತ್ತಿಚಿತ್ರ ಅಥವಾ ಕನ್ನಡ ಲಿಪಿಯ ಶೀರ್ಷಿಕೆ ಇಲ್ಲದಿರುವುದು ಸಾಮಾನ್ಯ.

## ಕಾರ್ಯವಿಧಾನ

ಆಮದು ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

1. ಶೋಧನೆ: ಬಳಕೆದಾರ ಸೂಚಿಸಿದ ಕಡತಕೋಶಗಳಲ್ಲಿರುವ ವಿಡಿಯೋ ಕಡತಗಳನ್ನು ತಂತ್ರಾಂಶ ಪಟ್ಟಿಮಾಡುತ್ತದೆ.
2. ಹೆಸರಿನ ವಿಶ್ಲೇಷಣೆ: ಕಡತದ ಅಥವಾ ಕಡತಕೋಶದ ಹೆಸರಿನಿಂದ ಶೀರ್ಷಿಕೆ ಮತ್ತು ವರ್ಷವನ್ನು ಬೇರ್ಪಡಿಸುತ್ತದೆ. ಚಿತ್ರದ ಗುಣಮಟ್ಟ, ಧ್ವನಿಯ ಬಗೆ ಮೊದಲಾದವನ್ನು ಸೂಚಿಸುವ ಪದಗಳನ್ನು ಕೈಬಿಡುತ್ತದೆ.
3. ಹೊಂದಾಣಿಕೆ: ದೊರೆತ ಶೀರ್ಷಿಕೆ ಮತ್ತು ವರ್ಷವನ್ನು ದತ್ತಸಂಚಯದಲ್ಲಿ ಹುಡುಕಿ, ಹೆಚ್ಚು ಹೋಲುವ ಒಂದು ದಾಖಲೆಯನ್ನು ಆಯ್ಕೆಮಾಡುತ್ತದೆ.
4. ವಿವರಗಳ ಸಂಗ್ರಹ: ಆಯ್ಕೆಯಾದ ದಾಖಲೆಯ ಗುರುತುಸಂಖ್ಯೆಯ ಮೂಲಕ ವಿವರಗಳನ್ನೂ ಚಿತ್ರಗಳನ್ನೂ ತಂದು ಸ್ಥಳೀಯ ದತ್ತಸಂಚಯದಲ್ಲಿ ಉಳಿಸುತ್ತದೆ.

ತಂತ್ರಾಂಶವು ಸಾಮಾನ್ಯವಾಗಿ ಚಿತ್ರದ ದೃಶ್ಯವನ್ನಾಗಲಿ ಧ್ವನಿಯನ್ನಾಗಲಿ ಪರಿಶೀಲಿಸಿ ಚಿತ್ರವನ್ನು ಗುರುತಿಸುವುದಿಲ್ಲ. ಅದು ನಂಬುವುದು ಹೆಸರನ್ನು. ಹೀಗಾಗಿ ಎರಡನೆಯ ಅಥವಾ ಮೂರನೆಯ ಹಂತದಲ್ಲಿ ತಪ್ಪಾದರೆ ನಾಲ್ಕನೆಯ ಹಂತವು ಯಾವುದೇ ಎಚ್ಚರಿಕೆಯಿಲ್ಲದೆ ತಪ್ಪು ವಿವರಗಳನ್ನೇ ತುಂಬುತ್ತದೆ.

## ಸಾಮಾನ್ಯ ದೋಷಗಳು ಮತ್ತು ಕಾರಣಗಳು

### ಒಂದೇ ಶೀರ್ಷಿಕೆಯ ಹಲವು ಚಿತ್ರಗಳು

‘ನಾಗರಹಾವು’ ಎಂಬ ಹೆಸರಿನ ಕನ್ನಡ ಚಿತ್ರಗಳು ಕನಿಷ್ಠ ಮೂರಿವೆ. ಮೊದಲನೆಯದು ಪುಟ್ಟಣ್ಣ ಕಣಗಾಲ್ ನಿರ್ದೇಶನದ 1972ರ ಚಿತ್ರ. ಎರಡನೆಯದು ಉಪೇಂದ್ರ ನಟಿಸಿದ 2002ರ ಚಿತ್ರ. ಮೂರನೆಯದು ಕೋಡಿ ರಾಮಕೃಷ್ಣ ನಿರ್ದೇಶನದ 2016ರ ಚಿತ್ರ. ಮೊದಲ ಮತ್ತು ಮೂರನೆಯ ಚಿತ್ರಗಳೆರಡರ ವಿವರದಲ್ಲೂ ವಿಷ್ಣುವರ್ಧನ್ ಅವರ ಹೆಸರಿದೆ. 2016ರ ಚಿತ್ರದಲ್ಲಿ ಅವರ ರೂಪವನ್ನು ಗಣಕದ ಮೂಲಕ ಮರುಸೃಷ್ಟಿಸಲಾಗಿದೆ. ಕಡತಕ್ಕೆ ‘ನಾಗರಹಾವು’ ಎಂದಷ್ಟೇ ಹೆಸರಿಟ್ಟರೆ ಈ ಮೂರರಲ್ಲಿ ಯಾವುದನ್ನು ಬೇಕಾದರೂ ತಂತ್ರಾಂಶ ಆರಿಸಬಹುದು. ಕಲಾವಿದರ ಪಟ್ಟಿಯನ್ನು ಮೇಲುಮೇಲೆ ನೋಡಿದವರಿಗೆ ಆ ತಪ್ಪು ಗೋಚರಿಸದೆಯೂ ಇರಬಹುದು.

ಇದೇ ಬಗೆಯ ಇತರ ಉದಾಹರಣೆಗಳು:

- ‘ಗಂಧದ ಗುಡಿ’: 1973ರ ಕಥಾಚಿತ್ರ, ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ 2022ರ ಸಾಕ್ಷ್ಯಚಿತ್ರ.
- ‘ಸತ್ಯ ಹರಿಶ್ಚಂದ್ರ’: 1943 ಮತ್ತು 1965ರ ಚಿತ್ರಗಳು.
- ‘ಗುರು ಶಿಷ್ಯರು’: 1981 ಮತ್ತು 2022ರ ಚಿತ್ರಗಳು.
- ‘ಲೂಸಿಯಾ’: 2013ರ ಕನ್ನಡ ಚಿತ್ರ, ಅದೇ ಹೆಸರಿನ 1968ರ ಕ್ಯೂಬಾದ ಚಿತ್ರ.

ಉಪೇಂದ್ರ ನಿರ್ದೇಶನದ ‘ಎ’ (1998) ಮತ್ತು ‘ಓಂ’ (1995) ಚಿತ್ರಗಳಂತಹ ಅತಿಚಿಕ್ಕ ಶೀರ್ಷಿಕೆಗಳು ಇನ್ನೂ ಕಠಿಣ. ರೋಮನ್ ಲಿಪಿಯಲ್ಲಿ ಒಂದೆರಡು ಅಕ್ಷರಗಳಷ್ಟೇ ಇರುವ ಇಂತಹ ಹೆಸರನ್ನು ಹುಡುಕಿದಾಗ ಬೇರೆ ಭಾಷೆಗಳ ಅಸಂಖ್ಯ ದಾಖಲೆಗಳು ಮೊದಲು ಬರುತ್ತವೆ. ‘6-5=2’ (2013) ಮತ್ತು ‘777 ಚಾರ್ಲಿ’ (2022) ಚಿತ್ರಗಳಲ್ಲಿ ಶೀರ್ಷಿಕೆಯೊಳಗಿನ ಅಂಕಿಗಳು ಮತ್ತು ಚಿಹ್ನೆಗಳು ಹೆಸರಿನ ವಿಶ್ಲೇಷಣೆಗೆ ತೊಡಕಾಗಬಹುದು. ಶೀರ್ಷಿಕೆಯ ನಂತರ ಬಿಡುಗಡೆಯ ವರ್ಷವನ್ನು ಆವರಣ ಚಿಹ್ನೆಯೊಳಗೆ ಬರೆಯುವುದು ಈ ಎಲ್ಲ ಸಂದರ್ಭಗಳಿಗೂ ಮೊದಲ ಪರಿಹಾರ. ಉದಾಹರಣೆಗೆ: ‘ನಾಗರಹಾವು (1972)’.

### ಲಿಪ್ಯಂತರದ ವ್ಯತ್ಯಾಸಗಳು

ಕನ್ನಡದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯಲು ಎಲ್ಲರೂ ಅನುಸರಿಸುವ ಒಂದೇ ಪದ್ಧತಿ ಇಲ್ಲ. ಉತ್ತರ ಬೆಂಗಳೂರಿನ ಸ್ಥಳನಾಮಗಳಲ್ಲೇ ಇದನ್ನು ಕಾಣಬಹುದು. ಯಲಹಂಕದ ಮೊದಲಕ್ಷರ ಕನ್ನಡದಲ್ಲಿ ‘ಯ’ ಆದರೂ, ರೋಮನ್ ಲಿಪಿಯ ರೂಢಿಯಲ್ಲಿ ‘ವೈ’ ಅಕ್ಷರದ ನಂತರ ‘ಎ’ ಬದಲು ‘ಇ’ ಬರುತ್ತದೆ. ಹೆಬ್ಬಾಳದ ದೀರ್ಘಸ್ವರವೂ ಕೊನೆಯ ಅಕಾರವೂ ರೋಮನ್ ರೂಪದಲ್ಲಿ ಕಾಣುವುದಿಲ್ಲ. ಯಶವಂತಪುರವನ್ನು ರೈಲ್ವೆಯವರು ಒಂದು ಬಗೆಯಲ್ಲಿ ಬರೆದರೆ ನಗರದ ಫಲಕಗಳಲ್ಲಿ ಇನ್ನೊಂದು ಬಗೆ ಕಾಣುತ್ತದೆ.

ಚಿತ್ರಗಳ ಹೆಸರುಗಳಲ್ಲೂ ಇದೇ ಸ್ಥಿತಿಯಿದೆ. ‘ನಾಗರಹಾವು’ ಎಂಬುದರ ‘ನಾ’ ಮತ್ತು ‘ಹಾ’ ಅಕ್ಷರಗಳಿಗೆ ರೋಮನ್ ‘ಎ’ ಒಂದು ಬಾರಿಯೂ ಬರಬಹುದು, ಎರಡು ಬಾರಿಯೂ ಬರಬಹುದು; ಇಡೀ ಹೆಸರು ಒಂದೇ ಪದವಾಗಿಯೂ ಎರಡು ಪದಗಳಾಗಿಯೂ ಕಾಣಬಹುದು. ‘ಘಟಶ್ರಾದ್ಧ’ (1977) ಚಿತ್ರದ ಹೆಸರಿನಲ್ಲಿ ಮಹಾಪ್ರಾಣಗಳನ್ನು ಸೂಚಿಸುವ ‘ಎಚ್’ ಅಕ್ಷರ ಎಲ್ಲೆಲ್ಲಿ ಬರಬೇಕೆಂಬುದರಲ್ಲೂ ಒಮ್ಮತವಿಲ್ಲ. ದತ್ತಸಂಚಯದ ಹುಡುಕಾಟವು ಒಂದೆರಡು ಅಕ್ಷರಗಳ ವ್ಯತ್ಯಾಸವನ್ನು ಕೆಲವೊಮ್ಮೆ ಸಹಿಸುತ್ತದೆ, ಕೆಲವೊಮ್ಮೆ ಸಹಿಸುವುದಿಲ್ಲ.

ದತ್ತಸಂಚಯದಲ್ಲಿ ಆ ಚಿತ್ರದ ಮೂಲ ಶೀರ್ಷಿಕೆ ಕನ್ನಡ ಲಿಪಿಯಲ್ಲಿ ದಾಖಲಾಗಿದ್ದರೆ, ಕಡತಕ್ಕೂ ಕನ್ನಡ ಲಿಪಿಯಲ್ಲೇ ಹೆಸರಿಟ್ಟು ಈ ತೊಡಕನ್ನು ನಿವಾರಿಸಬಹುದು. ಇಲ್ಲವಾದರೆ ದತ್ತಸಂಚಯದಲ್ಲಿರುವ ರೋಮನ್ ಕಾಗುಣಿತವನ್ನು ಹಾಗೆಯೇ ನಕಲು ಮಾಡಿ ಕಡತಕ್ಕೆ ಇಡಬೇಕಾಗುತ್ತದೆ.

### ಬಿಡುಗಡೆಯ ವರ್ಷದ ಗೊಂದಲ

ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡ ಚಿತ್ರಗಳಿಗೆ ಎರಡು ವರ್ಷಗಳು ಬಳಕೆಯಲ್ಲಿರುತ್ತವೆ. ‘ತಿಥಿ’ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು 2016ರಲ್ಲಿ. ಕಡತದ ಹೆಸರಿನಲ್ಲಿರುವ ವರ್ಷವು ದತ್ತಸಂಚಯದ ವರ್ಷಕ್ಕಿಂತ ಭಿನ್ನವಾಗಿದ್ದರೆ ಹುಡುಕಾಟ ವಿಫಲವಾಗಬಹುದು.

ಮರುಬಿಡುಗಡೆಯಾದ ಚಿತ್ರಗಳಲ್ಲೂ ಇಂತಹ ಗೊಂದಲವಿದೆ. ರಾಜ್‌ಕುಮಾರ್ ಅಭಿನಯದ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿಯೂ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ 2014ರಲ್ಲಿಯೂ ಮತ್ತೆ ತೆರೆಗೆ ತರಲಾಯಿತು. ಬಣ್ಣದ ಆವೃತ್ತಿಯ ಕಡತವಾದರೂ ಹೆಸರಿನಲ್ಲಿ ಮೂಲ ವರ್ಷಗಳಾದ 1965 ಮತ್ತು 1971 ಇರಬೇಕು. ಆವೃತ್ತಿಯ ವ್ಯತ್ಯಾಸವನ್ನು ಪ್ರತ್ಯೇಕ ಟಿಪ್ಪಣಿಯಾಗಿ ಸೇರಿಸಬಹುದು.

### ಡಬ್ಬಿಂಗ್ ಮತ್ತು ಮರುನಿರ್ಮಾಣ

ಡಬ್ಬಿಂಗ್ ಆದ ಚಿತ್ರವು ಮೂಲಚಿತ್ರದ ಇನ್ನೊಂದು ಧ್ವನಿರೂಪ. ಮರುನಿರ್ಮಾಣವು ಬೇರೆಯೇ ಚಿತ್ರ. ‘ಕೆ.ಜಿ.ಎಫ್: ಅಧ್ಯಾಯ 2’ (2022) ಹಲವು ಭಾಷೆಗಳಲ್ಲಿ ಬಿಡುಗಡೆಯಾದರೂ ದತ್ತಸಂಚಯದಲ್ಲಿ ಅದಕ್ಕೆ ಒಂದೇ ದಾಖಲೆ, ಮೂಲಭಾಷೆ ಕನ್ನಡ. ಆದರೆ ಪವನ್ ಕುಮಾರ್ ನಿರ್ದೇಶನದ ಕನ್ನಡ ‘ಯು ಟರ್ನ್’ (2016), ತೆಲುಗು ಮತ್ತು ತಮಿಳಿನಲ್ಲಿ ತಯಾರಾದ ‘ಯು ಟರ್ನ್’ (2018) ಹಾಗೂ ಹಿಂದಿಯ ‘ಯು ಟರ್ನ್’ (2023) ಪ್ರತ್ಯೇಕ ಚಿತ್ರಗಳು. ಇಲ್ಲಿ ವರ್ಷವಿಲ್ಲದ ಹೆಸರು ಕನ್ನಡ ಚಿತ್ರಕ್ಕೆ ಬೇರೆ ಭಾಷೆಯ ಕಲಾವಿದರ ಪಟ್ಟಿಯನ್ನು ತಂದೊಡ್ಡಬಹುದು.

### ಭಾಗಗಳು ಮತ್ತು ಹಳೆಯ ಡಿಸ್ಕ್‌ಗಳು

ವಿಸಿಡಿಗಳಿಂದ ನಕಲು ಮಾಡಿದ ಚಿತ್ರಗಳು ಸಾಮಾನ್ಯವಾಗಿ ಎರಡು ಅಥವಾ ಮೂರು ಕಡತಗಳಲ್ಲಿರುತ್ತವೆ. ವಿಸಿಡಿಯೊಳಗಿನ ಕಡತಗಳಿಗೆ ಎಲ್ಲ ಡಿಸ್ಕ್‌ಗಳಲ್ಲೂ ಒಂದೇ ಮಾದರಿಯ ತಾಂತ್ರಿಕ ಹೆಸರುಗಳಿರುವುದರಿಂದ ಅವುಗಳಲ್ಲಿ ಚಿತ್ರದ ಸುಳಿವೇ ಇರುವುದಿಲ್ಲ. ಇಂತಹ ಕಡತಗಳಿಗೆ ಶೀರ್ಷಿಕೆ ಮತ್ತು ವರ್ಷವನ್ನು ನೀಡಿ, ಕೊನೆಯಲ್ಲಿ ‘ಸಿಡಿ1’, ‘ಸಿಡಿ2’ ಎಂದು ರೋಮನ್ ಅಕ್ಷರಗಳಲ್ಲಿ ಸೇರಿಸಿದರೆ ತಂತ್ರಾಂಶವು ಅವನ್ನು ಒಂದೇ ಚಿತ್ರದ ಭಾಗಗಳಾಗಿ ಜೋಡಿಸುತ್ತದೆ. ಕನ್ನಡದಲ್ಲಿ ‘ಭಾಗ 1’ ಎಂದು ಬರೆದರೆ ಈ ಜೋಡಣೆ ನಡೆಯುವುದಿಲ್ಲ.

ಇದರ ವಿರುದ್ಧ ಸ್ಥಿತಿಯೂ ಉಂಟು. 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರವು ‘ಸೈಡ್ ಎ’ ಮತ್ತು ‘ಸೈಡ್ ಬಿ’ ಎಂಬ ಎರಡು ಸ್ವತಂತ್ರ ಚಿತ್ರಗಳಾಗಿ ಬಿಡುಗಡೆಯಾಯಿತು. ಎರಡೂ ಕಡತಗಳು ಒಂದೇ ಕಡತಕೋಶದಲ್ಲಿದ್ದು, ಹೆಸರುಗಳಲ್ಲಿ ‘ಎ’, ‘ಬಿ’ ಎಂಬ ರೋಮನ್ ಅಕ್ಷರಗಳ ವ್ಯತ್ಯಾಸ ಮಾತ್ರ ಇದ್ದರೆ, ಅವನ್ನು ಒಂದೇ ಚಿತ್ರದ ಎರಡು ಭಾಗಗಳೆಂದು ತಂತ್ರಾಂಶ ಭಾವಿಸುವ ಸಾಧ್ಯತೆಯಿದೆ. ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕಡತಕೋಶ ಇಡುವುದರಿಂದ ಇದನ್ನು ತಪ್ಪಿಸಬಹುದು.

### ಕನ್ನಡ ಲಿಪಿ ಮತ್ತು ಯೂನಿಕೋಡ್

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಹೆಸರುಗಳು ಗಣಕದ ಮಟ್ಟಿಗೆ ಬೇರೆಬೇರೆಯಾಗಿರಬಹುದು. ‘ಚೋಮನ ದುಡಿ’ಯ ‘ಚೋ’ ಅಕ್ಷರದಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಮ್ಯಾಕ್ ಗಣಕಗಳ ಹಳೆಯ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಉಳಿಸುತ್ತಿತ್ತು. ಅಲ್ಲಿಂದ ನಕಲಾದ ಕಡತದ ಹೆಸರು ಬೇರೆ ಗಣಕದಲ್ಲಿ ಹೊಂದಿಕೆಯಾಗದಿದ್ದರೆ, ಹೆಸರನ್ನು ಹೊಸದಾಗಿ ಟೈಪಿಸುವುದು ಸರಳ ಪರಿಹಾರ.

‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಬಳಸುವ ಅಗೋಚರ ಚಿಹ್ನೆಯೂ ಇಂತಹುದೇ. ಅದು ಇರುವ ಮತ್ತು ಇಲ್ಲದಿರುವ ರೂಪಗಳನ್ನು ತಂತ್ರಾಂಶವು ಇಬ್ಬರು ವ್ಯಕ್ತಿಗಳೆಂದು ಪರಿಗಣಿಸಿ, ಒಬ್ಬರೇ ನಟರ ಚಿತ್ರಗಳನ್ನು ಎರಡು ಪಟ್ಟಿಗಳಾಗಿ ಒಡೆಯಬಹುದು. ನುಡಿ ಅಥವಾ ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳು ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳಾಗಿ ಕಾಣುತ್ತವೆ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಪರದೆಯ ಮೇಲೆ ಕನ್ನಡದ ಬದಲು ಚೌಕಗಳು ಕಂಡರೆ ಅಥವಾ ಒತ್ತಕ್ಷರಗಳು ಸ್ಥಾನ ತಪ್ಪಿದ್ದರೆ ಅದು ಆಮದಿನ ದೋಷವಲ್ಲ. ಮೊದಲನೆಯದು ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲದಿರುವುದರ ಲಕ್ಷಣ. ಎರಡನೆಯದು ತಂತ್ರಾಂಶದ ಆ ಆವೃತ್ತಿಯು ಭಾರತೀಯ ಲಿಪಿಗಳ ಅಕ್ಷರಜೋಡಣೆಯನ್ನು ಬೆಂಬಲಿಸದಿರುವುದರ ಲಕ್ಷಣ.

### ಸಂಪರ್ಕ ಮತ್ತು ಅನುಮತಿಯ ದೋಷಗಳು

ಹೊಸದಾಗಿ ಸೇರಿಸಿದ ಯಾವ ಚಿತ್ರಕ್ಕೂ, ಯಾವ ಭಾಷೆಯ ಚಿತ್ರಕ್ಕೂ ವಿವರ ಬಾರದಿದ್ದರೆ ಹೆಸರುಗಳನ್ನು ತಿದ್ದುವುದರಿಂದ ಪ್ರಯೋಜನವಿಲ್ಲ. ಭಾರತದ ಕೆಲವು ಅಂತರಜಾಲ ಸೇವೆಗಳಲ್ಲಿ ಟಿಎಂಡಿಬಿಯ ವಿಳಾಸಕ್ಕೆ ಡಿಎನ್‌ಎಸ್ ಸರಿಯಾದ ಉತ್ತರ ನೀಡದಿರುವುದನ್ನು ಬಳಕೆದಾರರು ವರದಿ ಮಾಡಿದ್ದಾರೆ. ಅದೇ ಗಣಕದ ಬ್ರೌಸರ್‌ನಲ್ಲಿ ಟಿಎಂಡಿಬಿ ತಾಣ ತೆರೆಯುತ್ತದೆಯೇ, ಮೊಬೈಲ್ ಜಾಲದ ಮೂಲಕ ಜೋಡಿಸಿದಾಗ ಆಮದು ನಡೆಯುತ್ತದೆಯೇ ಎಂದು ನೋಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ರೂಟರ್‌ನಲ್ಲಿ ಅಥವಾ ಗಣಕದಲ್ಲಿ 1.1.1.1 ಅಥವಾ 8.8.8.8ರಂತಹ ಸಾರ್ವಜನಿಕ ಡಿಎನ್‌ಎಸ್ ವಿಳಾಸವನ್ನು ನಮೂದಿಸುವುದು ರೂಢಿಯಲ್ಲಿರುವ ಪರಿಹಾರ.

ಲಿನಕ್ಸ್ ಸರ್ವರ್‌ಗಳಲ್ಲಿ ಜೆಲ್ಲಿಫಿನ್ ತನ್ನದೇ ಬಳಕೆದಾರ ಖಾತೆಯಲ್ಲಿ ಕೆಲಸ ಮಾಡುತ್ತದೆ. ಆ ಖಾತೆಗೆ ಕಡತಕೋಶವನ್ನು ಓದುವ ಅನುಮತಿ ಇಲ್ಲದಿದ್ದರೆ ಚಿತ್ರಗಳು ಪಟ್ಟಿಯಲ್ಲೇ ಕಾಣಿಸುವುದಿಲ್ಲ.

## ದೋಷ ಪತ್ತೆಯ ಕ್ರಮ

ದೋಷವು ಮೇಲೆ ಹೇಳಿದ ನಾಲ್ಕು ಹಂತಗಳಲ್ಲಿ ಯಾವುದರಲ್ಲಿದೆ ಎಂದು ಮೊದಲು ನಿರ್ಧರಿಸಬೇಕು.

- ಚಿತ್ರವೇ ಪಟ್ಟಿಯಲ್ಲಿಲ್ಲ: ಶೋಧನೆಯ ದೋಷ. ಕಡತಕೋಶದ ವಿಳಾಸ, ಓದುವ ಅನುಮತಿ ಮತ್ತು ಆ ಕಡತಕೋಶವನ್ನು ಚಲನಚಿತ್ರಗಳದ್ದೆಂದು ಗುರುತಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಚಲನಚಿತ್ರಗಳನ್ನೂ ಧಾರಾವಾಹಿಗಳನ್ನೂ ಬೇರೆಬೇರೆ ಕಡತಕೋಶಗಳಲ್ಲಿ ಇಡುವುದು ಉತ್ತಮ.
- ಚಿತ್ರ ಪಟ್ಟಿಯಲ್ಲಿದೆ, ವಿವರವಿಲ್ಲ: ಸಂಪರ್ಕದ ದೋಷ, ಹೆಸರಿನ ದೋಷ ಅಥವಾ ದತ್ತಸಂಚಯದಲ್ಲಿ ದಾಖಲೆ ಇಲ್ಲದಿರುವುದು. ಬೇರೆ ಚಿತ್ರಗಳಿಗೆ ವಿವರ ಬರುತ್ತಿದ್ದರೆ ಸಂಪರ್ಕ ಸರಿಯಿದೆ ಎಂದರ್ಥ.
- ಬೇರೆ ಚಿತ್ರದ ವಿವರ ಬಂದಿದೆ: ಹೊಂದಾಣಿಕೆಯ ದೋಷ. ವರ್ಷ ಅಥವಾ ಗುರುತುಸಂಖ್ಯೆ ಸೇರಿಸಬೇಕು.
- ಚಿತ್ರ ಸರಿಯಾಗಿದೆ, ಕಥಾಸಾರ ಇಂಗ್ಲಿಷಿನಲ್ಲಿದೆ ಅಥವಾ ಖಾಲಿಯಿದೆ: ತಂತ್ರಾಂಶದ ಭಾಷಾ ಆಯ್ಕೆಯನ್ನು ನೋಡಬೇಕು. ಕನ್ನಡವನ್ನು ಆರಿಸಿದ್ದೂ ಹೀಗಾದರೆ ದತ್ತಸಂಚಯದಲ್ಲಿ ಕನ್ನಡ ಕಥಾಸಾರ ಇನ್ನೂ ಸೇರಿಲ್ಲ ಎಂದರ್ಥ.

ಕೋಡಿಯಲ್ಲಿ ಪ್ರತಿ ಚಿತ್ರವೂ ತನ್ನ ಹೆಸರಿನ ಕಡತಕೋಶದಲ್ಲಿದೆ ಎಂದು ಸೂಚಿಸುವ ಒಂದು ಆಯ್ಕೆಯಿದೆ. ಅದನ್ನು ಆರಿಸಿದಾಗ ಹುಡುಕಾಟಕ್ಕೆ ಕಡತದ ಹೆಸರಿನ ಬದಲು ಕಡತಕೋಶದ ಹೆಸರು ಬಳಕೆಯಾಗುತ್ತದೆ. ಕಡತದ ಹೆಸರನ್ನು ಎಷ್ಟು ತಿದ್ದಿದರೂ ಫಲಿತಾಂಶ ಬದಲಾಗದಿದ್ದರೆ ಈ ಆಯ್ಕೆಯನ್ನು ಗಮನಿಸಬೇಕು. ತಂತ್ರಾಂಶದ ಲಾಗ್ ಕಡತದಲ್ಲಿ ಯಾವ ಹೆಸರಿನಿಂದ ಹುಡುಕಾಟ ನಡೆಯಿತು, ಯಾವ ಉತ್ತರ ಬಂದಿತು ಎಂಬ ವಿವರ ದೊರೆಯುತ್ತದೆ. ಕೋಡಿಯಲ್ಲಿ ಇದಕ್ಕಾಗಿ ಸವಿವರ ಲಾಗ್ ಆಯ್ಕೆಯನ್ನು ಚಾಲನೆಗೊಳಿಸಬೇಕಾಗುತ್ತದೆ.

ತಪ್ಪು ಹೊಂದಾಣಿಕೆಯನ್ನು ಕೈಯಿಂದ ಸರಿಪಡಿಸಲು ಪ್ಲೆಕ್ಸ್‌ನಲ್ಲಿ ‘ಫಿಕ್ಸ್ ಮ್ಯಾಚ್’, ಜೆಲ್ಲಿಫಿನ್‌ನಲ್ಲಿ ‘ಐಡೆಂಟಿಫೈ’ ಮತ್ತು ಕೋಡಿಯ ಚಿತ್ರಮಾಹಿತಿ ಪುಟದಲ್ಲಿ ‘ರಿಫ್ರೆಶ್’ ಆಯ್ಕೆಗಳಿವೆ. ಕಡತಕೋಶದ ಹೆಸರಿನಲ್ಲೇ ಟಿಎಂಡಿಬಿ ಅಥವಾ ಐಎಂಡಿಬಿ ಗುರುತುಸಂಖ್ಯೆಯನ್ನು ಸೇರಿಸುವ ಸೌಲಭ್ಯವೂ ಇದೆ. ಇದನ್ನು ಜೆಲ್ಲಿಫಿನ್‌ನಲ್ಲಿ ಚೌಕಾವರಣದೊಳಗೂ ಪ್ಲೆಕ್ಸ್‌ನಲ್ಲಿ ಪುಷ್ಪಾವರಣದೊಳಗೂ ಬರೆಯಲಾಗುತ್ತದೆ.

ಜೆಲ್ಲಿಫಿನ್‌ನಲ್ಲಿ ವಿವರಗಳನ್ನು ಮತ್ತೆ ತರಿಸುವಾಗ ಬಿಟ್ಟುಹೋದುದನ್ನು ಮಾತ್ರ ತರುವ ಮತ್ತು ಇರುವುದನ್ನೆಲ್ಲ ಬದಲಿಸುವ ಎರಡು ಆಯ್ಕೆಗಳಿವೆ. ಎರಡನೆಯದನ್ನು ಆರಿಸಿದರೆ ಬಳಕೆದಾರ ಕೈಯಿಂದ ಬರೆದ ಕನ್ನಡ ಕಥಾಸಾರವೂ ಅಳಿಸಿಹೋಗಬಹುದು. ಆದುದರಿಂದ ತಿದ್ದಿದ ವಿವರಗಳಿಗೆ ಬೀಗ ಹಾಕುವ ಸೌಲಭ್ಯವನ್ನು ಮೊದಲೇ ಬಳಸಬೇಕು.

## ಸ್ಥಳೀಯ ಮಾಹಿತಿ ಕಡತ

ದತ್ತಸಂಚಯದಲ್ಲಿ ಇಲ್ಲದ ಅಥವಾ ಅಪೂರ್ಣವಾಗಿರುವ ಚಿತ್ರಗಳಿಗೆ ಎನ್‌ಎಫ್‌ಒ ಕಡತವನ್ನು ಬಳಸಲಾಗುತ್ತದೆ. ಇದು ಚಿತ್ರದ ಕಡತದ ಪಕ್ಕದಲ್ಲಿ ಅದೇ ಹೆಸರಿನಿಂದ ಇರುವ ಪಠ್ಯಕಡತ. ಶೀರ್ಷಿಕೆ, ವರ್ಷ, ನಿರ್ದೇಶಕ, ಕಲಾವಿದರು, ಕಥಾಸಾರ ಮತ್ತು ಗುರುತುಸಂಖ್ಯೆಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಇದರೊಳಗೆ ಬರೆಯಲಾಗುತ್ತದೆ. ಕೋಡಿ, ಎಂಬಿ ಮತ್ತು ಜೆಲ್ಲಿಫಿನ್ ಮೂರೂ ಇದನ್ನು ಓದಬಲ್ಲವು.

ಕನ್ನಡ ಪಠ್ಯ ಸರಿಯಾಗಿ ಕಾಣಬೇಕಾದರೆ ಕಡತವನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸಬೇಕು. ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ (2014) ಎಂಬ ಶೀರ್ಷಿಕೆಯಲ್ಲಿ ‘ಅಂಡ್’ ಬದಲು ‘&’ ಚಿಹ್ನೆಯನ್ನು ನೇರವಾಗಿ ಬರೆದರೆ ಇಡೀ ಕಡತ ಓದಲಾಗದಂತಾಗುತ್ತದೆ, ಏಕೆಂದರೆ ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಗೆ ವಿಶೇಷ ಅರ್ಥವಿದೆ. ಅಲ್ಲಿ ಪದವನ್ನೇ ಬರೆಯಬೇಕು ಅಥವಾ ಚಿಹ್ನೆಯ ಎಕ್ಸ್‌ಎಂಎಲ್ ಸಂಕೇತರೂಪವನ್ನು ಬಳಸಬೇಕು.

ಎನ್‌ಎಫ್‌ಒ ಕಡತವು ಚಿತ್ರದೊಂದಿಗೆ ಉಳಿಯುತ್ತದೆ. ತಂತ್ರಾಂಶವನ್ನು ಬದಲಿಸಿದರೂ, ಸ್ಥಳೀಯ ದತ್ತಸಂಚಯ ಕೆಟ್ಟರೂ, ಅಂತರಜಾಲ ಸಂಪರ್ಕವಿಲ್ಲದಿದ್ದರೂ ವಿವರಗಳನ್ನು ಮರಳಿ ಪಡೆಯಬಹುದು. ಹಳೆಯ ವಿಸಿಡಿ, ಡಿವಿಡಿಗಳಿಂದ ಉಳಿಸಿಕೊಂಡ ಚಿತ್ರಗಳ ವಿಷಯದಲ್ಲಿ, ಡಿಸ್ಕಿನ ಹೊದಿಕೆಯ ಮೇಲಿದ್ದ ಕಲಾವಿದರ ಮತ್ತು ತಂತ್ರಜ್ಞರ ಹೆಸರುಗಳನ್ನು ಕಾಪಾಡಲು ಇದು ಸುಲಭದ ಮಾರ್ಗ.

## ದತ್ತಸಂಚಯಗಳ ತಿದ್ದುಪಡಿ

ಸ್ಥಳೀಯ ಕಡತದಲ್ಲಿ ಮಾಡಿದ ತಿದ್ದುಪಡಿ ಒಂದು ಮನೆಗೆ ಮಾತ್ರ ಉಪಯೋಗವಾಗುತ್ತದೆ. ಅದೇ ವಿವರವನ್ನು ಟಿಎಂಡಿಬಿಯಲ್ಲಿ ಸೇರಿಸಿದರೆ, ಆ ಚಿತ್ರವನ್ನು ಹೊಂದಿರುವ ಎಲ್ಲರ ತಂತ್ರಾಂಶಗಳಿಗೂ ಅದು ತಲುಪುತ್ತದೆ. ನೋಂದಾಯಿತ ಬಳಕೆದಾರರು ಚಿತ್ರದ ಮೂಲಭಾಷೆ, ಕನ್ನಡ ಲಿಪಿಯ ಮೂಲ ಶೀರ್ಷಿಕೆ, ರೋಮನ್ ಲಿಪಿಯ ಪರ್ಯಾಯ ಶೀರ್ಷಿಕೆಗಳು ಮತ್ತು ಕನ್ನಡ ಕಥಾಸಾರವನ್ನು ಅಲ್ಲಿ ಸೇರಿಸಬಹುದು. ಪರ್ಯಾಯ ಶೀರ್ಷಿಕೆಗಳನ್ನು ಸೇರಿಸುವುದರಿಂದ ಲಿಪ್ಯಂತರದ ವ್ಯತ್ಯಾಸಗಳಿಂದ ಉಂಟಾಗುವ ವಿಫಲತೆಗಳು ಕಡಿಮೆಯಾಗುತ್ತವೆ.

2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಚಲನಚಿತ್ರಗಳ ಐಎಂಡಿಬಿ ಮತ್ತು ಟಿಎಂಡಿಬಿ ಗುರುತುಸಂಖ್ಯೆಗಳನ್ನು ದಾಖಲಿಸುವ ವ್ಯವಸ್ಥೆಯಿದೆ. ಕನ್ನಡ ಶೀರ್ಷಿಕೆಯಿಂದ ಹುಡುಕಿ ಸರಿಯಾದ ಗುರುತುಸಂಖ್ಯೆಯನ್ನು ಕಂಡುಕೊಳ್ಳಲು ಇದು ನೆರವಾಗುತ್ತದೆ. ಒಂದೇ ಹೆಸರಿನ ಚಿತ್ರಗಳಿದ್ದಾಗ ನಿರ್ದೇಶಕರ ಹೆಸರು ಮತ್ತು ವರ್ಷವನ್ನು ಚಿತ್ರದ ಶೀರ್ಷಿಕೆ ಫಲಕದೊಂದಿಗೆ ತಾಳೆನೋಡಿದ ಬಳಿಕವೇ ಗುರುತುಸಂಖ್ಯೆಯನ್ನು ಬಳಸಬೇಕು. ದತ್ತಸಂಚಯದಲ್ಲಿ ಸೇರಿದ ತಪ್ಪು ಗುರುತುಸಂಖ್ಯೆಯು ಅದನ್ನು ನಂಬಿದ ಎಲ್ಲ ಸಂಗ್ರಹಗಳಿಗೂ ಹರಡುತ್ತದೆ.